ಪರದೆ ಆರಿದ ಮೇಲೆ

2020ರ ಮೇ ತಿಂಗಳ ಮೊದಲ ವಾರ ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದ ಜನರ ಕೈಗೆ ಹೊಸದೊಂದು ಆ್ಯಪ್ ಬಂತು. ಕೋವಿಡ್‌ನ ಮೊದಲ ಅಲೆಯ ದಿನಗಳು ಅವು. ಇಬ್ಬರು ಹತ್ತಿರ ಬಂದಾಗ ಅವರ ಜೇಬಿನ ಫೋನುಗಳು ಬ್ಲೂಟೂತ್ ಮೂಲಕ ಒಂದನ್ನೊಂದು ಗುರುತಿಸಿ, ಎಷ್ಟು ಹೊತ್ತು ಜೊತೆಗಿದ್ದವು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಒಬ್ಬರಿಗೆ ಸೋಂಕು ತಗಲಿದರೆ ಇನ್ನೊಬ್ಬರಿಗೆ ಎಚ್ಚರಿಕೆ ಹೋಗಬೇಕು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಡಿಜಿಟಲ್ ವಿಭಾಗ ರೂಪಿಸಿದ್ದ ಆ ಆ್ಯಪ್, ಇಡೀ ದೇಶಕ್ಕೆ ಹೋಗುವ ಮುನ್ನ ಅಲ್ಲಿ ಪರೀಕ್ಷೆಗೆ ಇಳಿದಿತ್ತು. ದ್ವೀಪವನ್ನು ಅದು ದಾಟಲೇ ಇಲ್ಲ. ಜೂನ್ 18ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಪರೀಕ್ಷೆಯಲ್ಲಿ ಅದು ಸುತ್ತಮುತ್ತಲಿನ ಆಂಡ್ರಾಯ್ಡ್ ಫೋನುಗಳ ಪೈಕಿ ಶೇ. 75ನ್ನು ಗುರುತಿಸಿತ್ತು. ಐಫೋನುಗಳ ಪೈಕಿ ಬರೇ ಶೇ. 4ನ್ನು.

ಐಫೋನಿನ ಬ್ಲೂಟೂತ್‌ನಲ್ಲಿ ದೋಷವೇನೂ ಇರಲಿಲ್ಲ. ಆ್ಯಪ್ ಪರದೆಯ ಮೇಲೆ ತೆರೆದಿದ್ದಾಗ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಫೋನನ್ನು ಲಾಕ್ ಮಾಡಿ ಜೇಬಿಗಿಳಿಸಿದ ಕೂಡಲೇ ಆ್ಯಪ್ ಹಿನ್ನೆಲೆಗೆ ಸರಿಯುತ್ತಿತ್ತು. ಹಾಗೆ ಸರಿದ ಆ್ಯಪ್ ತನ್ನ ಇರುವನ್ನು ಬ್ಲೂಟೂತ್‌ನಲ್ಲಿ ಸಾರುವ ಬಗೆಯನ್ನೇ ಐಫೋನಿನ ಆಪರೇಟಿಂಗ್ ಸಿಸ್ಟಮ್ ಆದ ಐಒಎಸ್ ಬದಲಿಸುತ್ತದೆ: ಆ ಸಂಕೇತ, ಅದನ್ನೇ ಹೆಸರು ಹಿಡಿದು ಹುಡುಕುತ್ತಿರುವ ಇನ್ನೊಂದು ಆ್ಯಪಲ್ ಸಾಧನಕ್ಕೆ ಮಾತ್ರ ಕಾಣಿಸುತ್ತದೆ. ಸ್ವಲ್ಪ ಹೊತ್ತಿಗೆ ಆ್ಯಪ್‌ಗೆ ಪ್ರೊಸೆಸರಿನ ಸಮಯವೂ ನಿಂತುಹೋಗುತ್ತದೆ. ಒಂದೇ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತ ಇಬ್ಬರ ಜೇಬಿನಲ್ಲಿ ಲಾಕ್ ಆದ ಐಫೋನುಗಳಿದ್ದರೆ ಅವು ಒಂದಕ್ಕೊಂದು ಅಪರಿಚಿತ. ಮಾರ್ಚ್‌ನಲ್ಲೇ ಇಂಥದೊಂದು ಆ್ಯಪ್ ತಂದಿದ್ದ ಸಿಂಗಪುರಕ್ಕೂ ಇದೇ ತೊಡಕು ಎದುರಾಗಿ, ಐಫೋನ್ ಇರುವವರು ಆ್ಯಪನ್ನು ತೆರೆದೇ ಇಟ್ಟುಕೊಳ್ಳಬೇಕೆಂದು ಹೇಳಬೇಕಾಗಿ ಬಂದಿತ್ತು.

ಆ್ಯಪಲ್ ಮತ್ತು ಗೂಗಲ್ ಒಟ್ಟಾಗಿ ಇದಕ್ಕೊಂದು ದಾರಿ ಮಾಡಿದವು. ಏಪ್ರಿಲ್ 10ರಂದು ಘೋಷಣೆ, ಮೇ 20ರಂದು ಬಿಡುಗಡೆ. ಆ ವ್ಯವಸ್ಥೆಯಲ್ಲಿ ಸಂಕೇತ ಸಾರುವುದು, ಕೇಳಿಸಿಕೊಳ್ಳುವುದು, ದಾಖಲಿಸುವುದು ಎಲ್ಲವೂ ಆಪರೇಟಿಂಗ್ ಸಿಸ್ಟಮ್‌ನದೇ ಕೆಲಸ. ಸರ್ಕಾರದ ಆ್ಯಪ್‌ಗೆ ಉಳಿದದ್ದು ಫಲಿತಾಂಶವನ್ನು ಪಡೆದು ಜನರಿಗೆ ತಿಳಿಸುವುದು ಮಾತ್ರ. ಇದನ್ನು ಬಳಸಿದ ಹೊಸ ಆ್ಯಪ್ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸೆಪ್ಟೆಂಬರ್ 24ರಂದು ಬಂತು. ಆ ವರ್ಷದ ಕೊನೆಯೊಳಗೆ ಅದು ತಡೆದ ಸೋಂಕುಗಳ ಸಂಖ್ಯೆಯನ್ನು ಆಕ್ಸ್‌ಫರ್ಡ್‌ನ ಸಂಶೋಧಕರು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೆಕ್ಕ ಹಾಕುವ ಒಂದು ವಿಧಾನದಲ್ಲಿ 2.84 ಲಕ್ಷ, ಇನ್ನೊಂದರಲ್ಲಿ 5.94 ಲಕ್ಷ. ಫೋನೂ ಬ್ಲೂಟೂತ್ ಚಿಪ್ಪೂ ಮೊದಲಿನವೇ. ಪರದೆ ಆರಿದ ಮೇಲೆ ಕೆಲಸ ಯಾರ ಕೈಲಿರಬೇಕು ಎಂಬ ತೀರ್ಮಾನವೊಂದು ಬದಲಾಗಿತ್ತು.

ಆಪರೇಟಿಂಗ್ ಸಿಸ್ಟಮ್ ಇಷ್ಟು ಬಿಗಿಯಾಗಿರುವುದೇಕೆ? 2007ರ ಮೊದಲ ಐಫೋನಿನಲ್ಲಿದ್ದ ರ‍್ಯಾಮ್ 128 ಎಂಬಿ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ 192 ಎಂಬಿ. ಅಷ್ಟರಲ್ಲೇ ಕರೆ, ಸಂದೇಶ, ಬ್ರೌಸರ್ ಎಲ್ಲವೂ ಏಗಬೇಕಿತ್ತು. ಆ್ಯಪಲ್ ಮೊದಲ ಕೆಲವು ವರ್ಷ ಹೊರಗಿನವರ ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಬಾಗಿಲೇ ತೆರೆಯಲಿಲ್ಲ. 2010ರಲ್ಲಿ ತೆರೆದಾಗಲೂ ಹಾಡು ನುಡಿಸುವುದು, ಇಂಟರ್‌ನೆಟ್ ಕರೆ, ದಾರಿ ತೋರಿಸುವುದು ಮೊದಲಾದ ಕೆಲವೇ ಕೆಲಸಗಳಿಗೆ. ಅರ್ಧ ಮಾಡಿದ ಕೆಲಸ ಮುಗಿಸಿಕೊಳ್ಳಲು ಆಗ ಆ್ಯಪ್‌ಗೆ ಸಿಗುತ್ತಿದ್ದದ್ದು ಸುಮಾರು 10 ನಿಮಿಷ. 2013ರ ಹೊತ್ತಿಗೆ ಅದು 3 ನಿಮಿಷಕ್ಕೆ ಇಳಿಯಿತು, 2019ರಲ್ಲಿ ಸುಮಾರು 30 ಸೆಕೆಂಡಿಗೆ. ಫೋನುಗಳ ಶಕ್ತಿ ಹತ್ತಾರು ಪಟ್ಟು ಹೆಚ್ಚಿದ ಅವಧಿಯಲ್ಲೇ ಈ ಗಡುವು ಕುಗ್ಗುತ್ತ ಬಂತು.

ಆಂಡ್ರಾಯ್ಡ್ ಇದಕ್ಕೆ ತದ್ವಿರುದ್ಧ ದಾರಿಯಲ್ಲಿ ಹೊರಟಿತ್ತು. ಯಾವ ಆ್ಯಪ್ ಬೇಕಾದರೂ ‘ಸರ್ವಿಸ್’ ಎಂಬ ಹಿನ್ನೆಲೆ ಕೆಲಸವೊಂದನ್ನು ಶುರುಮಾಡಿ ಎಷ್ಟು ಹೊತ್ತಾದರೂ ಓಡಿಸಬಹುದಿತ್ತು. ‘ವೇಕ್‌ಲಾಕ್’ ಹಿಡಿದು, ಪರದೆ ಆರಿದರೂ ಪ್ರೊಸೆಸರ್ ಮಲಗದಂತೆ ತಡೆಯಬಹುದಿತ್ತು. ವೈಫೈ ಬಂತು, ಹೋಯಿತು ಎನ್ನುವ ಸುದ್ದಿಗೆಲ್ಲ ಹತ್ತಾರು ಆ್ಯಪ್‌ಗಳು ಒಟ್ಟಿಗೇ ಎದ್ದು ಕೂರುತ್ತಿದ್ದವು. ಈ ಉದಾರತೆಗೆ ಬೆಲೆ ತೆತ್ತದ್ದು ಬ್ಯಾಟರಿ. ಹಿಡಿದ ವೇಕ್‌ಲಾಕನ್ನು ಬಿಡಲು ಮರೆತ ಆ್ಯಪ್‌ಗಳ ಬಗ್ಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಒಂದು ಪ್ರಬಂಧವನ್ನೇ ಮಂಡಿಸಿದರು. ಈ ತಪ್ಪು ಕಣ್ತಪ್ಪಿಸಿಕೊಳ್ಳುವ ಬಗೆ ಸರಳ: ಕೋಡ್‌ನಲ್ಲಿ ಹಿಡಿಯುವ ಸಾಲೂ ಇರುತ್ತದೆ, ಬಿಡುವ ಸಾಲೂ ಇರುತ್ತದೆ. ನಡುವೆ ನೆಟ್‌ವರ್ಕ್ ಕೈಕೊಟ್ಟು ದೋಷ ಉಂಟಾದರೆ ಬಿಡುವ ಸಾಲಿಗೆ ತಲುಪುವುದೇ ಇಲ್ಲ. ಫೋನ್ ರಾತ್ರಿಯಿಡೀ ಎಚ್ಚರ.

ಖರ್ಚು ಎಲ್ಲಿ ಆಗುತ್ತದೆ ಎಂಬುದೂ ಮೇಲ್ನೋಟಕ್ಕೆ ತಿಳಿಯುವಂಥದ್ದಲ್ಲ. ಆ್ಯಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಅಳೆದು ನೋಡಿದರು. 3ಜಿ ಜಾಲದಲ್ಲಿ ಒಂದು ಸಾಮಾನ್ಯ ಡೌನ್‌ಲೋಡ್‌ಗೆ ತಗಲುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ. 60 ಭಾಗ ಡೌನ್‌ಲೋಡ್ ಮುಗಿದ ಮೇಲೆ ಖರ್ಚಾಗುತ್ತಿತ್ತು. ಇನ್ನಷ್ಟು ದತ್ತಾಂಶ ಬಂದೀತೆಂದು ಫೋನಿನ ರೇಡಿಯೊ ಇನ್ನೂ ಸ್ವಲ್ಪ ಹೊತ್ತು ಎಚ್ಚರದಲ್ಲೇ ಕಾಯುತ್ತಿದ್ದುದು ಇದಕ್ಕೆ ಕಾರಣ. ಅಂದರೆ ಐದು ನಿಮಿಷಕ್ಕೊಮ್ಮೆ ‘ಹೊಸದೇನಾದರೂ ಇದೆಯೇ’ ಎಂದು ಸರ್ವರನ್ನು ಕೇಳುವ ಆ್ಯಪ್, ಒಂದು ಕಿಲೋಬೈಟ್ ತರಲು ಹೋಗಿ ರೇಡಿಯೊವನ್ನು ಆಗಾಗ ಎಬ್ಬಿಸಿ ಕೂರಿಸುತ್ತದೆ. ಅಂಥ ಹತ್ತು ಆ್ಯಪ್‌ಗಳು ಹತ್ತು ಬೇರೆ ಬೇರೆ ಗಳಿಗೆಯಲ್ಲಿ ಕೇಳಿದರೆ ರೇಡಿಯೊಗೆ ಮಲಗಲು ಪುರಸೊತ್ತೇ ಇಲ್ಲ. ಎಲ್ಲ ಆ್ಯಪ್‌ಗಳ ಸೂಚನೆಗಳನ್ನೂ ಒಂದೇ ಸಂಪರ್ಕದಲ್ಲಿ ತರುವ ‘ಪುಶ್’ ವ್ಯವಸ್ಥೆ, ಚಿಲ್ಲರೆ ಕೆಲಸಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಮುಗಿಸುವ ಪದ್ಧತಿ, ಎರಡೂ ಈ ತಿಳಿವಳಿಕೆಯ ಮೇಲೆ ನಿಂತಿವೆ.

ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿದ್ದುಂಟು. 2015ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನ ಐಫೋನ್ ಆ್ಯಪ್ ಬಳಸದೆ ಇದ್ದಾಗಲೂ ಬ್ಯಾಟರಿ ತಿನ್ನುತ್ತಿದೆ ಎಂಬ ದೂರು ಎದ್ದಿತು. ಕಂಪನಿಯ ಎಂಜಿನಿಯರ್ ಆರಿ ಗ್ರಾಂಟ್ ಕಾರಣವನ್ನು ಬಹಿರಂಗವಾಗಿ ವಿವರಿಸಿದರು. ನೆಟ್‌ವರ್ಕ್‌ಗೆ ಸಂಬಂಧಿಸಿದ ಕೋಡ್ ಒಂದೆಡೆ ಪ್ರೊಸೆಸರನ್ನು ವೃಥಾ ಗಿರಕಿ ಹೊಡೆಸುತ್ತಿತ್ತು. ಇನ್ನೊಂದೆಡೆ, ವಿಡಿಯೊ ನೋಡಿ ಆ್ಯಪ್‌ನಿಂದ ಹೊರಬಂದ ಮೇಲೂ ಧ್ವನಿಯ ಸಂಪರ್ಕ ಮುಚ್ಚಿಕೊಳ್ಳದೆ ಉಳಿಯುತ್ತಿತ್ತು. ಹಾಡು ನುಡಿಸುತ್ತಿರುವ ಆ್ಯಪ್‌ಗಳನ್ನು ಐಒಎಸ್ ಮಲಗಿಸುವುದಿಲ್ಲವಷ್ಟೆ. ಮೌನವನ್ನು ನುಡಿಸುತ್ತಿದ್ದ ಈ ಆ್ಯಪ್ ಕೂಡ ಅದರ ಕಣ್ಣಿಗೆ ಹಾಡುಗಾರನೇ ಆಗಿತ್ತು.

ಇವೆಲ್ಲದರ ಫಲವಾಗಿ ಆಂಡ್ರಾಯ್ಡ್ ವರ್ಷವರ್ಷವೂ ಬಿಗಿಯಾಯಿತು. 2015ರಲ್ಲಿ ‘ಡೋಜ್’ ಬಂತು: ಪರದೆ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಬಿದ್ದಿರುವ ಫೋನಿನಲ್ಲಿ ನೆಟ್‌ವರ್ಕ್ ಬಂದ್, ವೇಕ್‌ಲಾಕ್‌ಗಳಿಗೆ ಬೆಲೆಯಿಲ್ಲ, ನಡುನಡುವೆ ಸಣ್ಣ ಕಿಟಕಿ ತೆರೆದಾಗ ಮಾತ್ರ ಬಾಕಿ ಕೆಲಸಗಳಿಗೆ ಅವಕಾಶ. 2017ರಲ್ಲಿ ಹಿನ್ನೆಲೆಯ ಸರ್ವಿಸ್‌ಗಳಿಗೇ ಕಡಿವಾಣ ಬಿತ್ತು. ಮರುವರ್ಷ, ನಾವು ಯಾವ ಆ್ಯಪನ್ನು ಎಷ್ಟು ಬಳಸುತ್ತೇವೆ ಎಂಬುದರ ಮೇಲೆ ಅವುಗಳನ್ನು ಶ್ರೇಣಿಗಳಲ್ಲಿ ಇಡುವ ಪದ್ಧತಿ. ಅಪರೂಪಕ್ಕೆ ತೆರೆಯುವ ಆ್ಯಪ್‌ನ ಹಿನ್ನೆಲೆ ಕೆಲಸ 24 ಗಂಟೆಯವರೆಗೂ ಮುಂದೆ ಹೋಗಬಹುದು. ಇದರ ಮೇಲೆ ಕೆಲವು ತಯಾರಕರು ತಮ್ಮದೇ ಕತ್ತರಿಯನ್ನೂ ಸೇರಿಸಿದ್ದಾರೆ; ‘ಆಟೋಸ್ಟಾರ್ಟ್’ ಅನುಮತಿ ಕೊಡದಿದ್ದರೆ ಆ್ಯಪ್ ತಾನಾಗಿ ಏಳುವುದೇ ಇಲ್ಲ.

ಪರದೆ ಬೆಳಗಿರುವಾಗಲೂ ಹಿನ್ನೆಲೆ ಕೆಲಸಕ್ಕೆ ತನ್ನದೇ ಶಿಸ್ತು ಬೇಕು. ಆ್ಯಪ್ ತೆರೆದಾಗ ಅದಕ್ಕೊಂದು ‘ಮುಖ್ಯ ಥ್ರೆಡ್’, ಅಂದರೆ ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡುವ ಎಳೆ, ಸಿಗುತ್ತದೆ. ಬೆರಳಿನ ಸ್ಪರ್ಶ ಗಮನಿಸುವುದು, ಪರದೆಗೆ ಚಿತ್ರ ಬರೆಯುವುದು ಎರಡೂ ಅದರ ಹೊಣೆ. ದರ್ಶಿನಿಯ ಕ್ಯಾಶ್ ಕೌಂಟರಿನಲ್ಲಿ ಕೂತವನು ಟೋಕನ್ ಕೊಡುವುದನ್ನು ಬಿಟ್ಟು ತಾನೇ ಒಳಗೆ ಹೋಗಿ ದೋಸೆ ಹುಯ್ಯಲು ನಿಂತರೆ ಸಾಲು ಬೀದಿಗೆ ಬರುತ್ತದೆ. ಮುಖ್ಯ ಥ್ರೆಡ್‌ನಲ್ಲಿ ಫೈಲ್ ಓದಲು, ಸರ್ವರಿಗೆ ಕಾಯಲು ನಿಂತ ಆ್ಯಪ್‌ನದೂ ಅದೇ ಪಾಡು. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಗೆ ಪ್ರತಿ ಚಿತ್ರಕ್ಕೂ ಸಿಗುವ ಕಾಲಾವಕಾಶ 16 ಮಿಲಿಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಅದು ತಪ್ಪಿದರೆ ಚಿತ್ರ ಮುಗ್ಗರಿಸುತ್ತದೆ. ಬೆರಳಿನ ಸ್ಪರ್ಶಕ್ಕೆ 5 ಸೆಕೆಂಡಿನವರೆಗೆ ಉತ್ತರ ಬರದಿದ್ದರೆ, ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ, ಮುಚ್ಚಲೇ ಎಂದು ಆಂಡ್ರಾಯ್ಡ್ ಕೇಳುತ್ತದೆ. ದಿನದ ಬಳಕೆದಾರರಲ್ಲಿ ಶೇ. 0.47ಕ್ಕಿಂತ ಹೆಚ್ಚು ಜನಕ್ಕೆ ಹೀಗಾದರೆ ಗೂಗಲ್ ಪ್ಲೇ ಅಂಗಡಿಯಲ್ಲಿ ಆ ಆ್ಯಪ್ ಹಿಂದಕ್ಕೆ ತಳ್ಳಲ್ಪಡಬಹುದು.

ಹಾಗಾಗಿ ಭಾರದ ಕೆಲಸವನ್ನು ಬೇರೆ ಥ್ರೆಡ್‌ಗೆ ವಹಿಸಬೇಕು. ಅಲ್ಲಿಂದ ಮುಂದೆ ಬೇರೆ ಬಗೆಯ ಅಪಾಯಗಳಿವೆ. ಎರಡು ಥ್ರೆಡ್‌ಗಳು ಒಂದೇ ಲೆಕ್ಕವನ್ನು ಏಕಕಾಲಕ್ಕೆ ತಿದ್ದಿದರೆ ಒಂದರ ತಿದ್ದುಪಡಿ ಮಾಯವಾಗುತ್ತದೆ. ಇನ್ನೊಂದು ಅಪಾಯ ಆಂಡ್ರಾಯ್ಡ್‌ನವರಿಗೆ ಚಿರಪರಿಚಿತ: ಪಟ್ಟಿಯೊಂದು ಡೌನ್‌ಲೋಡ್ ಆಗುತ್ತಿರುವಾಗ ಬಳಕೆದಾರ ಫೋನನ್ನು ಅಡ್ಡ ತಿರುಗಿಸುತ್ತಾನೆ, ಆಂಡ್ರಾಯ್ಡ್ ಹಳೆಯ ಪುಟವನ್ನು ಕಿತ್ತು ಹೊಸದನ್ನು ಕಟ್ಟುತ್ತದೆ, ಡೌನ್‌ಲೋಡ್ ಮುಗಿಸಿ ಬಂದ ಥ್ರೆಡ್ ತನ್ನ ಫಲಿತಾಂಶವನ್ನು ಇಲ್ಲವಾದ ಪುಟಕ್ಕೆ ಒಪ್ಪಿಸಲು ಹೋಗಿ ಆ್ಯಪ್ ಕುಸಿಯುತ್ತದೆ. ವರ್ಷಗಟ್ಟಲೆ ಎಲ್ಲರೂ ಬಳಸಿದ ‘ಅಸಿಂಕ್‌ಟಾಸ್ಕ್’ ಎಂಬ ಸಾಧನ ಇದಕ್ಕೆ ಎಡೆಮಾಡುತ್ತಿತ್ತು. ಗೂಗಲ್ 2020ರಲ್ಲಿ ಅದನ್ನು ಬಳಕೆಗೆ ತಕ್ಕದ್ದಲ್ಲವೆಂದು ಬದಿಗಿಟ್ಟಿತು. ಅದರ ಜಾಗಕ್ಕೆ ಬಂದ ಕಾಟ್ಲಿನ್ ಭಾಷೆಯ ಕೊರೂಟೀನ್‌ಗಳಲ್ಲಿ ಪ್ರತಿ ಹಿನ್ನೆಲೆ ಕೆಲಸಕ್ಕೂ ಒಬ್ಬ ಯಜಮಾನ ಇರುತ್ತಾನೆ. ಪುಟ ಹೋದರೆ ಅದರ ಕೆಲಸಗಳೂ ರದ್ದು. ಆ್ಯಪಲ್‌ನ ಸ್ವಿಫ್ಟ್ ಭಾಷೆ ಇನ್ನೂ ಮುಂದೆ ಹೋಗಿ, 2024ರ ಆವೃತ್ತಿಯಲ್ಲಿ ಎರಡು ಥ್ರೆಡ್‌ಗಳ ಇಂಥ ಜಗಳವನ್ನು ಆ್ಯಪ್ ತಯಾರಾಗುವ ಹಂತದಲ್ಲೇ ಕಂಪೈಲರ್ ಹಿಡಿಯುವಂತೆ ಮಾಡಿತು. ಪ್ರೋಗ್ರಾಮರುಗಳ ಎಚ್ಚರಿಕೆಯೊಂದನ್ನೇ ನಂಬಿ ಕೂತಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು.

ಆದರೂ ಈ ಥ್ರೆಡ್, ಕೊರೂಟೀನ್‌ಗಳೆಲ್ಲ ಆ್ಯಪ್ ಬದುಕಿರುವವರೆಗಿನ ಮಾತು. ಮೆಮೊರಿ ಸಾಲದೆ ಬಂದಾಗ ಫೋನ್ ಹಿನ್ನೆಲೆಯ ಆ್ಯಪನ್ನು ಹೇಳದೆ ಕೇಳದೆ ಕೊಲ್ಲುತ್ತದೆ. ಕೊನೆಯದಾಗಿ ಏನಾದರೂ ಉಳಿಸಿಕೊಳ್ಳಿ ಎಂಬ ಸೂಚನೆಯೂ ಬರುವುದಿಲ್ಲ. ಎಷ್ಟೋ ಡೆವಲಪರ್‌ಗಳು ಆ್ಯಪನ್ನು ಹೇಗಾದರೂ ಜೀವಂತ ಇಡುವ ಉಪಾಯಗಳಿಗಾಗಿ ಹೆಣಗುತ್ತಾರೆ. ಆ ಶ್ರಮ ಹೋಗಬೇಕಾದ ಜಾಗ ಬೇರೆ. ಆ್ಯಪ್ ಸಾಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅದು ಸತ್ತರೂ ಕೆಲಸ ಉಳಿಯುವಂತೆ ಕಟ್ಟುವುದರಲ್ಲಿ ಸುರಕ್ಷತೆಯಿದೆ.

ಹಾಗೆ ಕಟ್ಟುವುದೆಂದರೇನು ಎಂಬುದನ್ನು ನಮ್ಮಲ್ಲಿಯೇ ಹತ್ತಿರದಿಂದ ನೋಡಬಹುದು. 2020ರ ಮುಂಗಾರಿನಲ್ಲಿ ಕರ್ನಾಟಕದ ರೈತರು ತಮ್ಮ ಹೊಲದ ಬೆಳೆಯ ವಿವರವನ್ನು ಫೋಟೊ ಸಮೇತ ತಾವೇ ಮೊಬೈಲಿನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ಶುರುವಾಯಿತು. ಅಂಥ ಆ್ಯಪ್‌ನ ಕಷ್ಟ ಊಹಿಸಬಹುದು. ಅಡಿಕೆ ತೋಟದ ಒಳಗೆ ಸಿಗ್ನಲ್ ಇರುವುದಿಲ್ಲ. ರಸ್ತೆಯ ತಿರುವಿಗೆ ಬಂದಾಗ ಎರಡು ಕಡ್ಡಿ ಕಾಣಿಸಿಕೊಂಡು, ಮನೆ ಸೇರುವಷ್ಟರಲ್ಲಿ ಮತ್ತೆ ಮಾಯ.

ಇಂಥ ಆ್ಯಪನ್ನು ಎಚ್ಚರದಿಂದ ಬರೆಯುವವರು ಕ್ಯಾಮೆರಾ ಕ್ಲಿಕ್ ಆದ ಕ್ಷಣದಿಂದಲೇ ಲೆಕ್ಕ ಇಡುತ್ತಾರೆ. ಫೋಟೊ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಫೋನಿಗೆ ಇಳಿಯುತ್ತದೆ. ಪೂರ್ತಿ ಬರೆದಾದ ಮೇಲಷ್ಟೇ ಅದಕ್ಕೆ ನಿಜವಾದ ಹೆಸರು. ನಡುವೆ ಬ್ಯಾಟರಿ ಮುಗಿದು ಫೋನ್ ಆರಿದರೆ ಅರ್ಧಂಬರ್ಧ ಫೈಲೊಂದು ಅಸಲಿಯೆಂದು ಒಳಸೇರಬಾರದು. ಆಮೇಲೆ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಒಂದು ಸಾಲು: ಸರ್ವೆ ನಂಬರು, ಬೆಳೆ, ಫೋಟೊ ಎಲ್ಲಿದೆ, ಜಗತ್ತಿನಲ್ಲಿ ಬೇರೆಲ್ಲೂ ಬರದ ಒಂದು ಗುರುತು ಸಂಖ್ಯೆ, ಮತ್ತು ‘ಬಾಕಿ’ ಎಂಬ ಷರಾ. ಇಷ್ಟಾದ ನಂತರ ಪರದೆಯ ಮೇಲೆ ‘ಫೋನಿನಲ್ಲಿ ಉಳಿಸಲಾಗಿದೆ’ ಎಂದು ಬರುತ್ತದೆ. ‘ಕಳುಹಿಸಲಾಗಿದೆ’ ಎಂಬ ಮಾತಿಗೆ ಇನ್ನೂ ಸಮಯವಿದೆ, ಅದನ್ನು ಅವಸರದಲ್ಲಿ ಹೇಳುವುದು ರೈತನಿಗೆ ಮಾಡುವ ಅನ್ಯಾಯ.

ಕಳಿಸುವ ಕೆಲಸವನ್ನು ಆಂಡ್ರಾಯ್ಡ್‌ನ ‘ವರ್ಕ್‌ಮ್ಯಾನೇಜರ್’ಗೆ ಒಪ್ಪಿಸಲಾಗುತ್ತದೆ. 2018ರಲ್ಲಿ ಗೂಗಲ್ ಪರಿಚಯಿಸಿದ ಈ ಸಾಧನಕ್ಕೆ ‘ಈಗಲೇ ಮಾಡು’ ಎನ್ನುವ ಬದಲು ‘ನೆಟ್‌ವರ್ಕ್ ಇದ್ದಾಗ ಮಾಡು’ ಎಂಬ ಷರತ್ತು ಹೇಳಬಹುದು. ಅದು ತನ್ನ ಕೆಲಸದ ಪಟ್ಟಿಯನ್ನೂ ಡೇಟಾಬೇಸಿನಲ್ಲೇ ಬರೆದಿಡುತ್ತದೆ. ಹಾಗಾಗಿ ಆ್ಯಪ್ ಸತ್ತರೂ, ಫೋನೇ ಆರಿಸಿ ಹಚ್ಚಿದರೂ ಪಟ್ಟಿ ಅಲ್ಲೇ ಇರುತ್ತದೆ. ಪ್ರಯತ್ನ ವಿಫಲವಾದರೆ ಮೊದಲಿಗೆ 30 ಸೆಕೆಂಡು ಬಿಟ್ಟು, ಮತ್ತೆ ವಿಫಲವಾದರೆ ಅದರ ದುಪ್ಪಟ್ಟು, ಹೀಗೆ ಅಂತರ ಹೆಚ್ಚಿಸುತ್ತ ಗರಿಷ್ಠ 5 ಗಂಟೆಯವರೆಗೆ ಹೋಗುತ್ತದೆ. ಒಂದು ಸಲಕ್ಕೆ ಸಿಗುವ ಸಮಯ 10 ನಿಮಿಷ. ಅಷ್ಟರಲ್ಲಿ ಮುಗಿಯದ ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸಬೇಕು, ಎಷ್ಟು ತುಂಡು ಹೋಯಿತು ಎಂಬುದನ್ನೂ ಬರೆದಿಡಬೇಕು. ಅವಧಿಗೊಮ್ಮೆ ಮಾಡುವ ಕೆಲಸಗಳ ನಡುವೆ ಕನಿಷ್ಠ 15 ನಿಮಿಷ ಅಂತರವಿರಲೇಬೇಕು; ಅದಕ್ಕಿಂತ ಕಡಿಮೆ ಕೇಳಿದರೂ ಸಿಗದು.

ಈಗ ಎಲ್ಲಕ್ಕಿಂತ ನಾಜೂಕಿನ ಗಳಿಗೆ. ಫೋಟೊ ಸರ್ವರ್ ತಲುಪಿತು, ಸರ್ವರ್ ‘ಬಂತು’ ಎಂದು ಉತ್ತರಿಸಿತು, ಆ ಉತ್ತರ ಫೋನಿಗೆ ಮುಟ್ಟುವ ಮುನ್ನ ಸಿಗ್ನಲ್ ಹೋಯಿತು. ಫೋನಿನ ಲೆಕ್ಕದಲ್ಲಿ ಕೆಲಸ ಇನ್ನೂ ಬಾಕಿ. ಅದು ಮತ್ತೆ ಕಳಿಸುತ್ತದೆ. ಸರ್ವರ್ ಎಚ್ಚರ ತಪ್ಪಿದರೆ ಒಂದೇ ಗದ್ದೆ ಎರಡು ಬಾರಿ ದಾಖಲಾಗುತ್ತದೆ. ಆ ಗುರುತು ಸಂಖ್ಯೆ ಇಲ್ಲಿ ನೆರವಿಗೆ ಬರುತ್ತದೆ: ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ಸಾಲು ಸೇರಿಸದೆ ‘ಆಗಲೇ ಬಂದಿದೆ’ ಎಂದಷ್ಟೇ ಹೇಳುತ್ತದೆ. ಎಷ್ಟು ಸಲ ಮಾಡಿದರೂ ಒಂದೇ ಸಲ ಮಾಡಿದಂತಿರುವ ಈ ಗುಣವನ್ನು ಎಂಜಿನಿಯರುಗಳು ‘ಐಡೆಂಪೊಟೆನ್ಸಿ’ ಎನ್ನುತ್ತಾರೆ. ಹಿನ್ನೆಲೆ ಕೆಲಸದ ಸುರಕ್ಷತೆಯಲ್ಲಿ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿಲ್ಲ. ವರ್ಕ್‌ಮ್ಯಾನೇಜರ್ ಆಗಲಿ ಬೇರೆ ಯಾವುದೇ ಆಗಲಿ, ಕೆಲಸವನ್ನು ಕರಾರುವಾಕ್ಕಾಗಿ ಒಂದೇ ಸಲ ಮಾಡಿಸುತ್ತೇನೆ ಎಂಬ ಮಾತು ಕೊಡಲಾರದು.

ದುಡ್ಡಿನ ವಿಷಯದಲ್ಲಿ ಈ ಗಳಿಗೆಯ ಬಿಸಿ ಎಲ್ಲರಿಗೂ ತಾಗಿದೆ. ಯುಪಿಐನಲ್ಲಿ ನಮ್ಮ ಖಾತೆಯಿಂದ ಹಣ ಹೋಯಿತು, ಅತ್ತ ಸೇರಲಿಲ್ಲ, ಪರದೆಯಲ್ಲಿ ಚಕ್ರ ತಿರುಗುತ್ತಲೇ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೊಂದು ಗಡುವು ಹಾಕಿತು: ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಹೀಗೆ ಸಿಕ್ಕಿಕೊಂಡರೆ ತಡವೆಂದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಉತ್ತರ ಬರದಿದ್ದಾಗ ಆ್ಯಪ್ ‘ವಿಫಲ’ ಎಂದು ಹೇಳಿ ಹೊಸ ಸಂಖ್ಯೆಯೊಂದಿಗೆ ಮತ್ತೆ ಪಾವತಿಗೆ ಹೊರಟರೆ ಹಣ ಎರಡು ಸಲ ಹೋಗುತ್ತದೆ. ಉತ್ತರ ಇನ್ನೂ ಬಂದಿಲ್ಲ ಎಂದು ಒಪ್ಪಿಕೊಂಡು, ಹಳೆಯ ಸಂಖ್ಯೆ ಹಿಡಿದು ಸ್ಥಿತಿ ವಿಚಾರಿಸುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಬಲ್ಲವರ ಆ್ಯಪ್‌ಗಳೂ ಜನರ ಜೇಬಿನಲ್ಲಿ ಸೋಲುವುದುಂಟು. ಡೆವಲಪರ್‌ನ ಮೇಜಿನ ಮೇಲಿರುವ ಫೋನ್ ಸದಾ ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡೇ ಇರುತ್ತದೆ. ಕೇಬಲ್ ಇದ್ದರೆ ಚಾರ್ಜ್ ಆಗುತ್ತಿರುತ್ತದೆ, ಚಾರ್ಜ್ ಆಗುತ್ತಿರುವ ಫೋನ್ ಡೋಜ್‌ಗೆ ಜಾರುವುದಿಲ್ಲ. ದಿನಕ್ಕೆ ನೂರು ಸಲ ತೆರೆಯುವ ಆ್ಯಪ್ ಆದ್ದರಿಂದ ಶ್ರೇಣಿಯಲ್ಲೂ ಮೇಲೆಯೇ ಇರುತ್ತದೆ. ಫೋನ್ ಲಾಕ್ ಕೂಡ ಆಗಿರುವುದಿಲ್ಲ. ಅತ್ತ ಐಫೋನಿನಲ್ಲಿ, ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯಲ್ಲಿಟ್ಟ ಫೈಲುಗಳು ಲಾಕ್ ಆದ ಫೋನಿನಲ್ಲಿ ತೆರೆಯುವುದೇ ಇಲ್ಲ; ಮೇಜಿನ ಮೇಲೆ ಹಗಲು ಸಲೀಸಾಗಿ ನಡೆದ ಕೆಲಸ ಬಳಕೆದಾರನ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಮುಗ್ಗರಿಸುವುದು ಹೀಗೆ. ಡೋಜ್ ಸ್ಥಿತಿಗೆ ಬಲವಂತವಾಗಿ ತಳ್ಳುವ, ಚಾರ್ಜರ್ ಕಿತ್ತಂತೆ ನಟಿಸುವ, ಆ್ಯಪನ್ನು ಕೆಳ ಶ್ರೇಣಿಗೆ ಹಾಕುವ ಆದೇಶಗಳನ್ನು ಆಂಡ್ರಾಯ್ಡ್ ಡೆವಲಪರ್‌ಗಳಿಗೆ ಕೊಟ್ಟಿದೆ. ಅವನ್ನು ಬಳಸಿ ನೋಡದೆ ಹಿನ್ನೆಲೆ ಕೆಲಸ ಸರಿಯಿದೆ ಎನ್ನುವಂತಿಲ್ಲ.

ತಡವಾದರೂ ನಡೆಯುವ ಕೆಲಸಗಳ ಮಾತು ಇಲ್ಲಿಯವರೆಗಿನದು. ತಡವಾಗಲೇಬಾರದ ಕೆಲಸಗಳೂ ಇವೆ. ಮಧುಮೇಹಿಗಳ ತೋಳಿಗೆ ಅಂಟಿಸುವ ಸಂವೇದಕಗಳು ಈಗ ರಕ್ತದ ಸಕ್ಕರೆಯ ಮಟ್ಟವನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತವೆ. ರಾತ್ರಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದರೆ ಎಬ್ಬಿಸಬೇಕಾದದ್ದು ಆ ಫೋನು. 2025ರ ಫೆಬ್ರವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಎಚ್ಚರಿಕೆ ಹೊರಡಿಸಿತು: ಫೋನಿನ ಸೆಟ್ಟಿಂಗ್, ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ, ಹೊಸದಾಗಿ ಜೋಡಿಸಿದ ಬ್ಲೂಟೂತ್ ಸಾಧನ ಇಂಥವುಗಳಿಂದ ಈ ಎಚ್ಚರಿಕೆಯ ಗಂಟೆಗಳು ಬಳಕೆದಾರರಿಗೆ ಕೇಳಿಸದೆ ಹೋಗಿವೆ. ಕೆಲಕಾಲ ತೆರೆಯದ ಆ್ಯಪನ್ನು ಫೋನ್ ಗಾಢ ನಿದ್ರೆಗೆ ಹಾಕುವುದೂ ಆ ಕಾರಣಗಳ ಪಟ್ಟಿಯಲ್ಲಿತ್ತು.

ಇಲ್ಲಿಗೆ ಬೇಕಾದ ಉಪಾಯ ಸ್ವಲ್ಪ ತಲೆಕೆಳಗಾದದ್ದು. ಇನ್ಸುಲಿನ್ ಪಂಪನ್ನು ನಿಯಂತ್ರಿಸಲು ಮಧುಮೇಹಿಗಳೂ ಅವರ ಮನೆಯವರೂ ಸೇರಿ ಕಟ್ಟಿದ ‘ಲೂಪ್’ ಎಂಬ ಮುಕ್ತ ತಂತ್ರಾಂಶ ಐಫೋನಿನಲ್ಲಿ ಓಡುತ್ತದೆ. ಹತ್ತಿರದ ಸಾಧನದಿಂದ ಬ್ಲೂಟೂತ್ ಸಂಕೇತ ಬಂದಾಗ ಐಒಎಸ್ ಅದನ್ನು ಎಬ್ಬಿಸುತ್ತದೆ, ಅದು ತನ್ನ ಲೆಕ್ಕ ಮುಗಿಸಿ ಮತ್ತೆ ಮಲಗುತ್ತದೆ. ಮಲಗುವ ಮುನ್ನ ಪ್ರತಿಸಲವೂ ಅದು ಆಪರೇಟಿಂಗ್ ಸಿಸ್ಟಮ್ ಬಳಿ ಕೆಲವು ಸೂಚನೆಗಳನ್ನು ಮುಂಗಡವಾಗಿ ಬರೆಸಿಡುತ್ತದೆ: 20 ನಿಮಿಷದ ಬಳಿಕ ಒಂದು, 40 ನಿಮಿಷಕ್ಕೆ ಇನ್ನೊಂದು, ಗಂಟೆಗೊಂದು, ಎರಡು ಗಂಟೆಗೊಂದು. ಎಲ್ಲದರಲ್ಲೂ ಲೂಪ್ ಇಷ್ಟು ಹೊತ್ತಿನಿಂದ ಕೆಲಸ ಮಾಡಿಲ್ಲ ಎಂಬ ಒಕ್ಕಣೆ. ಮುಂದಿನ ಸಲ ಎದ್ದಾಗ ಹಳೆಯವನ್ನು ಅಳಿಸಿ ಹೊಸ ಸಮಯಕ್ಕೆ ಬರೆಸುತ್ತದೆ. ಎಲ್ಲವೂ ಸರಿಯಿದ್ದಷ್ಟು ಕಾಲ ಆ ಸೂಚನೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಆ್ಯಪ್ ಸತ್ತರೆ ಅಳಿಸುವವರು ಇರುವುದಿಲ್ಲ. ಆಗ 20ನೇ ನಿಮಿಷಕ್ಕೆ ಐಒಎಸ್ ತಾನೇ ಮೊದಲ ಸೂಚನೆಯನ್ನು ಪರದೆಗೆ ತರುತ್ತದೆ.